ಮನೆಗೆ ಯಾವ ತಿಜೋರಿ ಕೊಳ್ಳಲಿ ಎಂದು ಕೇಳುವವರಿಗೆ

ಬೀಗ, ತಿಜೋರಿಗಳ ವಿಷಯದಲ್ಲಿ ನನಗೆ ಆಸಕ್ತಿ ಇದೆ ಎಂದು ಗೊತ್ತಾದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ: "ಮನೆಗೊಂದು ಸೇಫ್ ತೊಗೋಬೇಕು, ಯಾವುದು ಒಳ್ಳೇದು?" ಕೇಳಿದವರಿಗೆ ಬೇಕಾಗಿರುವುದು ಒಂದು ಕಂಪನಿಯ ಹೆಸರು. ನಾನು ಹೆಸರು ಹೇಳುವುದಿಲ್ಲ. ಮೊದಲು ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಒಳಗೆ ಏನನ್ನು ಇಡುತ್ತೀರಿ? ಅದನ್ನು ಎಲ್ಲಿ ಕೂರಿಸುತ್ತೀರಿ, ಅಲ್ಲಿ ಕಾಂಕ್ರೀಟಿಗೆ ಬೋಲ್ಟ್ ಹಾಕಲು ಆಗುತ್ತದೆಯೇ? ಇವೆರಡಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಆಯ್ಕೆಯ ಕೆಲಸ ಮುಕ್ಕಾಲು ಪಾಲು ಮುಗಿದ ಹಾಗೆ.

ಒಡೆಯಲಾಗದ ತಿಜೋರಿ ಎಂಬುದು ಇಲ್ಲ. ತಿಜೋರಿಗೆ ಹಣ ಕೊಟ್ಟು ನೀವು ಪಡೆಯುವುದು ಒಂದಿಷ್ಟು ನಿಮಿಷಗಳನ್ನು. ಪರೀಕ್ಷಿಸುವವರೂ ಹಾಗೆಯೇ ಅಳೆಯುತ್ತಾರೆ. ಅಮೆರಿಕದ ಯುಎಲ್ ಸಂಸ್ಥೆಯ ದರ್ಜೆಗಳಲ್ಲಿ ಮನೆಬಳಕೆಯದನ್ನು 'ಆರ್‌ಎಸ್‌ಸಿ' ಎನ್ನುತ್ತಾರೆ. ಅದರ ಮೊದಲ ಹಂತದಲ್ಲಿ ಸುತ್ತಿಗೆ, ಸ್ಕ್ರೂಡ್ರೈವರ್, ಹಾರೆಯಂಥ ಕೈ ಉಪಕರಣ ಹಿಡಿದ ಒಬ್ಬರ ಎದುರು ತಿಜೋರಿ 5 ನಿಮಿಷ ತಡೆದುಕೊಳ್ಳಬೇಕು. ಟಿಎಲ್-15 ಎಂದರೆ ಡ್ರಿಲ್‌ನಂಥ ವಿದ್ಯುತ್ ಉಪಕರಣಗಳ ಎದುರು 15 ನಿಮಿಷ. ಟಿಎಲ್-30 ಎಂದರೆ 30 ನಿಮಿಷ. ಉಪಕರಣ ತಿಜೋರಿಗೆ ತಾಗಿರುವಾಗ ಮಾತ್ರ ಗಡಿಯಾರ ಓಡುತ್ತದೆ. ಬ್ಲೇಡ್ ಬದಲಿಸುವ, ಸುಧಾರಿಸಿಕೊಳ್ಳುವ ಹೊತ್ತು ಲೆಕ್ಕಕ್ಕಿಲ್ಲ. ಹಾಗಾಗಿ ನಿಜವಾದ ಕಳ್ಳತನದಲ್ಲಿ ಅದೇ 15 ನಿಮಿಷ ಇನ್ನೂ ಹಿಗ್ಗುತ್ತದೆ. ಆದರೆ ಈ ಎರಡೂ ದರ್ಜೆಗಳಲ್ಲಿ ಪರೀಕ್ಷೆ ನಡೆಯುವುದು ಬಾಗಿಲು ಮತ್ತು ಮುಂಭಾಗಕ್ಕೆ ಮಾತ್ರ. ಆರೂ ಬದಿಗಳಿಗೆ ಪರೀಕ್ಷೆ ಆಗಿದ್ದರೆ ದರ್ಜೆಯ ಕೊನೆಯಲ್ಲಿ 'ಎಕ್ಸ್6' ಎಂದಿರುತ್ತದೆ. ಯುರೋಪಿನ ಇಎನ್ 1143-1 ಮಾನದಂಡದಲ್ಲಿ ದರ್ಜೆಗಳು 0ಯಿಂದ ಶುರುವಾಗಿ ಮೇಲೇರುತ್ತವೆ. ಅದಕ್ಕಿಂತ ಹಗುರವಾದ ಪೆಟ್ಟಿಗೆಗಳಿಗೆ ಇಎನ್ 14450 ಇದೆ, ಅದರಲ್ಲಿ ಎಸ್1, ಎಸ್2 ಎಂಬ ಎರಡೇ ಹಂತ.

ಅಂಗಡಿಯಲ್ಲಿ ನೀವು ನೋಡಬೇಕಾದದ್ದು ಬಾಗಿಲಿನ ಒಳಬದಿಯ ಪಟ್ಟಿಯನ್ನು. ಮಾನದಂಡದ ಸಂಖ್ಯೆ, ದರ್ಜೆ, ಪರೀಕ್ಷಿಸಿದ ಸಂಸ್ಥೆಯ ಹೆಸರು ಅಲ್ಲಿರಬೇಕು. 'ಹೆವಿ ಡ್ಯೂಟಿ', 'ಹೈ ಸೆಕ್ಯೂರಿಟಿ' ಎಂಬ ಬರಹ ಯಾವ ಪರೀಕ್ಷೆಯನ್ನೂ ಸೂಚಿಸುವುದಿಲ್ಲ.

ಬಾಗಿಲು ದಪ್ಪ ಇದೆ ಎಂದು ನಂಬಿಬಿಡಬೇಡಿ. ಒಂದು ಗೇಣು ದಪ್ಪ ಕಾಣುವ ಬಾಗಿಲಲ್ಲೂ ಹೊರಗೊಂದು ತೆಳು ಉಕ್ಕಿನ ಹಾಳೆ, ಒಳಗೊಂದು ಹಾಳೆ, ನಡುವೆ ಜಿಪ್ಸಂ ಬೋರ್ಡೋ ಬರೀ ಗಾಳಿಯೋ ಇರಬಹುದು. ಅಕ್ಕಪಕ್ಕದ ಗೋಡೆಗಳು ಇನ್ನೂ ತೆಳು. 2-3 ಮಿಲಿಮೀಟರ್ ಹಾಳೆಯನ್ನು ಬ್ಯಾಟರಿ ಗ್ರೈಂಡರ್ ಕೆಲವೇ ನಿಮಿಷದಲ್ಲಿ ಕತ್ತರಿಸುತ್ತದೆ. ಬಾಗಿಲಿನಿಂದ ಹೊರಡುವ ಉಕ್ಕಿನ ಗೂಟಗಳು ಎಷ್ಟಿವೆ ಎಂದು ಎಣಿಸುವುದರಿಂದಲೂ ಪ್ರಯೋಜನ ಇಲ್ಲ. ಅವು ಕಚ್ಚಿಕೊಳ್ಳುವ ಚೌಕಟ್ಟು ಹಾರೆಗೆ ಬಗ್ಗುವಂತಿದ್ದರೆ ಹತ್ತು ಗೂಟವೂ ಒಂದೇ, ಇಪ್ಪತ್ತೂ ಒಂದೇ. ಹಿಂಜ್ ಹೊರಗಿದೆ ಎಂದು ಹೆದರುವವರು ಬಹಳ ಜನ. ಆ ಬದಿಯಲ್ಲೂ ಚೌಕಟ್ಟಿನೊಳಗೆ ಕೂರುವ ಗೂಟಗಳಿದ್ದರೆ ಹಿಂಜನ್ನು ಕತ್ತರಿಸಿದರೂ ಬಾಗಿಲು ಬರುವುದಿಲ್ಲ.

ಇನ್ನು ಬೋಲ್ಟಿನ ವಿಷಯ. ಇಷ್ಟು ಮುಖ್ಯವಾದದ್ದನ್ನು ಇಷ್ಟೊಂದು ಜನ ಬಿಟ್ಟುಬಿಡುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೆಲಕ್ಕೆ ಕಚ್ಚಿಸದ ಸಣ್ಣ ತಿಜೋರಿಯನ್ನು ಕಳ್ಳ ನಿಮ್ಮ ಮನೆಯಲ್ಲಿ ಒಡೆಯುವ ಗೋಜಿಗೇ ಹೋಗುವುದಿಲ್ಲ. ಹೊತ್ತುಕೊಂಡು ಹೋಗುತ್ತಾನೆ, ಬಿಡುವಾದಾಗ ತೆಗೆಯುತ್ತಾನೆ. ಎಷ್ಟು ನಿಮಿಷದ ದರ್ಜೆ ಇದ್ದರೂ ಅಲ್ಲಿಗೆ ಅದು ಸೊನ್ನೆ. ಬೆಲೆಬಾಳುವುದನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿ, ಹಿಡಿಯಲು ಅನುಕೂಲ ಮಾಡಿಕೊಟ್ಟಂತೆ. "ನಮ್ಮದು 100 ಕೆಜಿ ಇದೆ, ಯಾರು ಎತ್ತುತ್ತಾರೆ?" ಎನ್ನುತ್ತಾರೆ. ಅದನ್ನು ಮನೆಗೆ ತಂದು ಇಳಿಸಿದವರು ಎಷ್ಟು ಜನ ಎಂದು ನೆನಪಿಸಿಕೊಳ್ಳಿ. ಇಎನ್ 1143-1ರ ಪ್ರಕಾರ 1000 ಕೆಜಿಗಿಂತ ಹಗುರವಾದ, ಬಿಡಿಯಾಗಿ ನಿಲ್ಲಿಸುವ ತಿಜೋರಿಗೆ ಬೋಲ್ಟ್ ಹಾಕಲು ತೂತು ಇರಲೇಬೇಕು. ಮನೆಗೆ ಬರುವ ಹೆಚ್ಚಿನ ತಿಜೋರಿಗಳು ಆ ತೂಕದ ಹತ್ತಿರವೂ ಸುಳಿಯುವುದಿಲ್ಲ.

ಬೋಲ್ಟ್ ಹಾಕುವುದು ತಿಜೋರಿಯ ಒಳಗಿನಿಂದ, ತಯಾರಕರೇ ಕೊಟ್ಟ ತೂತುಗಳ ಮೂಲಕ. ಹೊಸ ತೂತು ಕೊರೆದರೆ ಬೆಂಕಿ ತಡೆಯುವ ಪದರ ಹಾಳಾಗುತ್ತದೆ. ಬೋಲ್ಟ್ ಹಿಡಿಯಬೇಕಾದದ್ದು ಕಾಂಕ್ರೀಟನ್ನು. ಟೈಲ್ಸ್, ಅದರ ಕೆಳಗಿನ ಗಾರೆ ಇವೆಲ್ಲ ಹಿಡಿತಕ್ಕೆ ಲೆಕ್ಕವಿಲ್ಲ, ಆಳವನ್ನು ಕಾಂಕ್ರೀಟ್ ಶುರುವಾಗುವಲ್ಲಿಂದ ಅಳೆಯಬೇಕು. ಕೊರೆದ ತೂತಿನೊಳಗಿನ ಪುಡಿಯನ್ನು ಊದಿ, ಬ್ರಷ್ ಹಾಕಿ ತೆಗೆಯಲೇಬೇಕು. ಪುಡಿ ಉಳಿದರೆ ಆಂಕರ್ ಬೋಲ್ಟ್ ಬಿಗಿಯಾದಂತೆ ಕಂಡರೂ ಎಳೆದಾಗ ಜಾರುತ್ತದೆ. ಟೊಳ್ಳು ಇಟ್ಟಿಗೆಯ ಗೋಡೆಗೆ ಹಿಗ್ಗುವ ಆಂಕರ್ ಹಾಕಿದರೆ ಇಟ್ಟಿಗೆಯೇ ಒಡೆಯುತ್ತದೆ. ಅಲ್ಲಿ ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು, ಆಗಲೂ ಗೋಡೆಗಿಂತ ನೆಲವೇ ವಾಸಿ. ಕೊರೆಯುವ ಮೊದಲು ಆ ಜಾಗದಲ್ಲಿ ನೀರಿನ ಪೈಪು, ವಿದ್ಯುತ್ ತಂತಿ ಹಾದುಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆದು ಹಾಕಿಸಿ. ನಾಲ್ಕು ತೂತು ಮುಚ್ಚುವುದು ದೊಡ್ಡ ಕೆಲಸವಲ್ಲ.

ಜಾಗ ಮೂಲೆಯಾಗಿದ್ದರೆ ಒಳ್ಳೆಯದು. ಎರಡು ಬದಿಗೂ ಗೋಡೆ ಇದ್ದರೆ ಹಾರೆ ತೂರಿಸಲು, ಗ್ರೈಂಡರ್ ಆಡಿಸಲು ಜಾಗ ಸಿಗುವುದಿಲ್ಲ. ತೆಳು ಬದಿಗಳೂ ಮರೆಯಾಗುತ್ತವೆ. ಮಲಗುವ ಕೋಣೆಯ ಬಟ್ಟೆ ಕಪಾಟನ್ನು ಕಳ್ಳರು ಮೊದಲು ಹುಡುಕುತ್ತಾರೆ ಎಂಬುದು ನಿಜ. ಆದರೆ ಬಚ್ಚಿಡುವುದೋ, ಭದ್ರವಾಗಿ ಕಚ್ಚಿಸುವುದೋ ಎಂಬ ಆಯ್ಕೆ ಬಂದರೆ ನಾನು ಕಚ್ಚಿಸುವುದನ್ನೇ ಆರಿಸುತ್ತೇನೆ. ಮೇಲಿನ ಮಹಡಿಯಾದರೆ ತೂಕದ ಯೋಚನೆಯೂ ಬೇಕು. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಸಣ್ಣ ಬುಡದ ಭಾರಿ ತಿಜೋರಿ ತರುವ ಮುನ್ನ ಎಂಜಿನಿಯರ್ ಒಬ್ಬರನ್ನು ಕೇಳುವುದು ಲೇಸು.

ಕಳ್ಳನಷ್ಟೇ ಬೆಂಕಿಯ ಚಿಂತೆಯೂ ಇರುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಬೆಂಕಿಗೆ ಮಾಡಿದ ಪೆಟ್ಟಿಗೆ ಬೇರೆ, ಕಳ್ಳನಿಗೆ ಮಾಡಿದ ಪೆಟ್ಟಿಗೆ ಬೇರೆ. ಬೆಂಕಿ ತಡೆಯುವ ತಿಜೋರಿಯಲ್ಲಿ ತೆಳು ಹಾಳೆಗಳ ನಡುವೆ ಜಿಪ್ಸಂ ಅಥವಾ ವಿಶೇಷ ಕಾಂಕ್ರೀಟಿನ ದಪ್ಪ ಪದರ ಇರುತ್ತದೆ. ಜಿಪ್ಸಂನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರು, ರಾಸಾಯನಿಕವಾಗಿ ಕಟ್ಟಿಕೊಂಡಿರುವುದು. ಕಾವು ಏರಿದಾಗ ಆ ನೀರು ಆವಿಯಾಗಿ ಹೊರಬಂದು ಶಾಖವನ್ನು ಹೀರುತ್ತದೆ. ನೀರು ಮುಗಿಯುವವರೆಗೆ ಒಳಗೆ ತಂಪು. ಅದಕ್ಕೇ ಇಲ್ಲಿಯೂ ದರ್ಜೆ ಸಮಯದಲ್ಲೇ: ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ. ಇಂಥ ಪೆಟ್ಟಿಗೆಯ ಹಾಳೆಯನ್ನು ಹಾರೆಯಿಂದ ಹರಿಯುವುದು ಸುಲಭ. ಇನ್ನೊಂದೆಡೆ, ಬರೀ ದಪ್ಪ ಉಕ್ಕಿನ ಪೆಟ್ಟಿಗೆ ಕಳ್ಳನನ್ನು ತಡೆದರೂ ಶಾಖವನ್ನು ನೇರ ಒಳಕ್ಕೆ ದಾಟಿಸುತ್ತದೆ. ಎರಡೂ ಬೇಕಾದರೆ ಪಟ್ಟಿಯ ಮೇಲೆ ಎರಡೂ ದರ್ಜೆಗಳು ಬೇರೆಬೇರೆಯಾಗಿ ಇರಬೇಕು.

ಏನನ್ನು ಇಡುತ್ತೀರಿ ಎಂದು ನಾನು ಮೊದಲೇ ಕೇಳುವುದು ಈ ಕಾರಣಕ್ಕೆ. ಯುಎಲ್ 72 ಎಂಬ ಬೆಂಕಿ ಪರೀಕ್ಷೆಯಲ್ಲಿ ಒಂದು ಗಂಟೆಯ ಹೊತ್ತಿಗೆ ಕುಲುಮೆಯ ಶಾಖ ಸುಮಾರು 927 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಕಾಗದದ ದರ್ಜೆಯ ತಿಜೋರಿಯ ಒಳಗೆ ಆಗ 177 ಡಿಗ್ರಿ ಮೀರಬಾರದು. ಕಾಗದ ಅಷ್ಟು ಶಾಖಕ್ಕೆ ಹೊತ್ತಿಕೊಳ್ಳುವುದಿಲ್ಲ, ಅಕ್ಷರ ಓದಲು ಸಿಗುತ್ತದೆ. ಆದರೆ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಹಳೆಯ ಫೋಟೋ ನೆಗೆಟಿವ್‌ಗಳಿಗೆ 177 ಡಿಗ್ರಿ ಎಂದರೆ ಮುಗಿದೇ ಹೋಯಿತು. ಅಂಥವುಗಳಿಗೆಂದೇ ಒಳಗಿನ ಶಾಖ 66 ಡಿಗ್ರಿ, ಇನ್ನೂ ನಾಜೂಕಾದವುಗಳಿಗೆ 52 ಡಿಗ್ರಿ ದಾಟದ, ತೇವಕ್ಕೂ ಮಿತಿಯಿರುವ ದರ್ಜೆಗಳಿವೆ. ಅವು ದುಬಾರಿ. ಕಡತಗಳ ನಕಲನ್ನು ಬೇರೊಂದು ಕಡೆ ಇಡುವುದು ಅದಕ್ಕಿಂತ ಸುಲಭ, ನನ್ನ ಸಲಹೆಯೂ ಅದೇ. ಬಂಗಾರ ಕರಗುವುದು 1064 ಡಿಗ್ರಿಯಲ್ಲಿ, ಅದಕ್ಕೆ ಬೆಂಕಿಗಿಂತ ಕಳ್ಳನ ಭಯ ಹೆಚ್ಚು. ಮುತ್ತು ಹಾಗಲ್ಲ, ಶಾಖಕ್ಕೆ ಬಣ್ಣಗೆಡುತ್ತದೆ.

ಪತ್ರಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಡುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಸಾಮಾನ್ಯ ಪಾಲಿಥೀನ್ 130 ಡಿಗ್ರಿಯೊಳಗೇ ಕರಗುತ್ತದೆ. ಕಾಗದದ ದರ್ಜೆಯ ತಿಜೋರಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೂ ಚೀಲ ಕರಗಿ ಪತ್ರಕ್ಕೆ ಅಂಟಿಕೊಳ್ಳಬಹುದು. ಆದರೆ ಬೆಂಕಿ ತಿಜೋರಿಯ ಒಳಗೆ ಎಂದಿನ ದಿನಗಳಲ್ಲೂ ತೇವ ಕೂರುತ್ತದೆ, ಕಾಗದ ಮುಗ್ಗುತ್ತದೆ. ಇದಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ, ವಾರಕ್ಕೊಮ್ಮೆಯಾದರೂ ಬಾಗಿಲು ತೆರೆದು ಗಾಳಿಯಾಡಿಸಿ. ನೀರಿನ ಭಯ ಇರುವ ಮನೆಯಾದರೆ ನೆಲಮಾಳಿಗೆ ಬೇಡ, ತಿಜೋರಿಯನ್ನು ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿ ಅದಕ್ಕೇ ಬೋಲ್ಟ್ ಹಾಕಿ. ಬೆಂಕಿ ತಡೆಯುತ್ತದೆ ಎಂದ ಮಾತ್ರಕ್ಕೆ ನೀರು ತಡೆಯುತ್ತದೆ ಎಂದಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ಬೆಂಕಿ ಆರಿಸುವವರು ಸುರಿಯುವ ನೀರೂ ಕೊನೆಗೆ ತಿಜೋರಿಯ ಬುಡಕ್ಕೇ ಬಂದು ನಿಲ್ಲುತ್ತದೆ.

ಬೀಗ ಯಾವುದಿರಲಿ ಎಂದು ಕೇಳಿದರೆ, ತಿರುಗಿಸುವ ಡಯಲ್ ಬೀಗವೇ ಬಾಳಿಕೆಗೆ ಮೊದಲು ಎನ್ನುತ್ತೇನೆ. ತೆರೆಯಲು ನಿಧಾನ, ಆದರೆ ದಶಕಗಟ್ಟಲೆ ನಡೆಯುತ್ತದೆ. ಅಂಕಿ ಒತ್ತುವ ಎಲೆಕ್ಟ್ರಾನಿಕ್ ಬೀಗ ದಿನಬಳಕೆಗೆ ಅನುಕೂಲ. ಹಲವು ಸಲ ತಪ್ಪು ಕೋಡ್ ಒತ್ತಿದರೆ ಕೆಲ ನಿಮಿಷ ಸ್ತಬ್ಧವಾಗುವಂಥದ್ದನ್ನು ಆರಿಸಿ. ತೀರಾ ಅಗ್ಗದ ಪೆಟ್ಟಿಗೆಗಳಲ್ಲಿ ಸಣ್ಣ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ಸರಿಯುವ ಪುಟ್ಟ ಗೂಟ, ಒಂದೇ ಬಾಗಿಲನ್ನು ಹಿಡಿದಿರುತ್ತದೆ. ಕೆಲವು ಮಾದರಿಗಳಲ್ಲಿ ಮೇಲಿನಿಂದ ಗುದ್ದುತ್ತಾ ಹಿಡಿ ತಿರುಗಿಸಿದರೆ ಅದು ಜಿಗಿದು ಬಾಗಿಲು ತೆರೆದುಬಿಡುತ್ತದೆ. ತುರ್ತಿಗೆಂದು ಕೊಡುವ ಕೀಲಿಯ ಬೀಗವೂ ಅಂಥವುಗಳಲ್ಲಿ ಹಗುರದ್ದೇ. ಬೆರಳಚ್ಚು ಒದ್ದೆ ಕೈಗೆ, ಸವೆದ ಬೆರಳಿಗೆ ಕೈಕೊಡುತ್ತದೆ. ಮನೆಯಲ್ಲಿ ವಯಸ್ಸಾದವರು ಬಳಸುವುದಾದರೆ ಕೋಡ್ ಕೂಡ ಇರುವುದನ್ನೇ ಕೊಳ್ಳಿ.

ಎಂಥ ಬೀಗವಾದರೂ ಕಾರ್ಖಾನೆ ಹಾಕಿಕೊಟ್ಟ ಕೋಡನ್ನು ಮೊದಲ ದಿನವೇ ಬದಲಿಸಿ. ಎರಡನೇ ಮಹಾಯುದ್ಧದ ಹೊತ್ತಿಗೆ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಕೆಲಸ ನಡೆಯುತ್ತಿದ್ದಾಗ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಸಹೋದ್ಯೋಗಿಗಳ ತಿಜೋರಿಗಳನ್ನು ತೆರೆದು ತೋರಿಸುತ್ತಿದ್ದರು. ಒಬ್ಬರ ಕೋಡ್ 27-18-28 ಆಗಿತ್ತು. ಗಣಿತದಲ್ಲಿ ಎಲ್ಲರಿಗೂ ಗೊತ್ತಿರುವ 'ಇ' ಸ್ಥಿರಾಂಕದ (2.71828) ಅಂಕಿಗಳು ಅವು. ಎಷ್ಟೋ ತಿಜೋರಿಗಳಲ್ಲಿ ಕಾರ್ಖಾನೆಯ ಕೋಡೇ ಹಾಗೇ ಉಳಿದಿತ್ತು. ಅಷ್ಟು ಗುಟ್ಟಿನ ಜಾಗದಲ್ಲೇ ಹಾಗಾದರೆ, ಹುಟ್ಟಿದ ದಿನವನ್ನೋ ಮದುವೆಯ ವರ್ಷವನ್ನೋ ಕೋಡ್ ಮಾಡಿಕೊಂಡ ಮನೆಯ ತಿಜೋರಿಯ ಬಗ್ಗೆ ಹೇಳಬೇಕಾಗಿಲ್ಲ. ಕೋಡ್ ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ತುರ್ತು ಕೀಲಿಯನ್ನು ಅದೇ ಮನೆಯ ಡ್ರಾಯರಿನಲ್ಲಿ ಇಡಬೇಡಿ.

ಹಳೆಯ ತಿಜೋರಿ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಕಳ್ಳನ ಮಟ್ಟಿಗೆ ಅದು ಚೆನ್ನಾಗಿಯೇ ಇರಬಹುದು. ಬೆಂಕಿಯ ಮಟ್ಟಿಗೆ ನಂಬಬೇಡಿ, ಪದರದ ನೀರು ವರ್ಷಗಳಲ್ಲಿ ಆರಿರಬಹುದು. ತೀರಾ ಹಳೆಯವುಗಳ ಪದರದಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಕೊರೆಯಲು ಹೋಗಬೇಡಿ. ಒಮ್ಮೆ ಬೆಂಕಿ ಕಂಡ ತಿಜೋರಿಯನ್ನಂತೂ ಬಣ್ಣ ಬಳಿದು ಕೊಟ್ಟರೂ ಬೇಡ.

ವಿಮೆ ಇದ್ದರೆ ಯಾವ ದರ್ಜೆಯ ತಿಜೋರಿಯನ್ನು ಒಪ್ಪುತ್ತಾರೆ, ಬೋಲ್ಟ್ ಹಾಕಿರಬೇಕೆಂಬ ಷರತ್ತು ಇದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ, ಬರಹದಲ್ಲಿ ಪಡೆಯಿರಿ. ಒಳಗಿಟ್ಟ ವಸ್ತುಗಳ ಫೋಟೋ, ರಸೀದಿಗಳ ಪ್ರತಿ ಮನೆಯ ಹೊರಗೆ ಎಲ್ಲಾದರೂ ಇರಲಿ.

ಬೆಂಕಿ ಬಿದ್ದ ಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ತಿಜೋರಿಯನ್ನು ಆತುರದಿಂದ ತೆರೆಯಬೇಡಿ. ಹೊರಗೆ ಬೆಂಕಿ ಆರಿದ ಮೇಲೂ ಪದರದಲ್ಲಿ ಉಳಿದ ಕಾವು ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಕಾದ ಕಾಗದಕ್ಕೆ ಒಮ್ಮೆಲೇ ಗಾಳಿ ತಾಗಿದರೆ ಅದು ಹೊತ್ತಿಕೊಳ್ಳಬಹುದು. ಗೋಡೆಗಳು ಮುಟ್ಟಲು ಪೂರ್ತಿ ತಣ್ಣಗಾಗುವವರೆಗೆ, ಒಂದು ದಿನ ಬೇಕಾದರೂ, ಕಾಯಿರಿ. ತೆರೆದಾಗ ಪತ್ರಗಳು ಆವಿಯಿಂದ ಒದ್ದೆಯಾಗಿರುತ್ತವೆ. ಅಂಟಿಕೊಂಡ ಹಾಳೆಗಳನ್ನು ಎಳೆಯದೆ, ಬಿಸಿಲಿಗೂ ಒಡ್ಡದೆ, ನೆರಳಲ್ಲಿ ಗಾಳಿಗೆ ಹರಡಿ ಆರಿಸಿ.