ಹಳಬರ ಅಕೌಂಟ್ ಕಾಪಿ ಮಾಡಬೇಡಿ

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋದು ನನ್ನ ಕೆಲಸ. ಒಂದು ವಿಂಡೋಸ್ ಸರ್ವರ್, ಅದರ ಮೇಲೆ ಆಕ್ಟಿವ್ ಡೈರೆಕ್ಟರಿ (ಎಲ್ಲರ ಲಾಗಿನ್ ಅಕೌಂಟುಗಳನ್ನೂ ಒಂದೇ ಕಡೆ ಇಟ್ಟು ನೋಡಿಕೊಳ್ಳೋ ವ್ಯವಸ್ಥೆ). ಸ್ಟೋರ್ಸ್, ಅಕೌಂಟ್ಸ್, ಡಿಸ್ಪ್ಯಾಚ್, ಕ್ವಾಲಿಟಿ ಎಲ್ಲ ಸೇರಿ 70 ಚಿಲ್ಲರೆ ಅಕೌಂಟು. ಜನ ಬರ್ತಾರೆ, ಹೋಗ್ತಾರೆ. ತಿಂಗಳಿಗೆ ಒಂದೆರಡು ಹೊಸ ಅಕೌಂಟ್ ಮಾಡೋದು ಇದ್ದೇ ಇರುತ್ತೆ.

ಮೊದಲು ನಾನು ಹೇಗೆ ಮಾಡ್ತಿದ್ದೆ ಅಂದ್ರೆ, ಸ್ಟೋರ್ಸ್‌ಗೆ ಯಾರಾದರೂ ಹೊಸಬರು ಬಂದರೆ ಅಲ್ಲೇ ಇರೋ ಹಳಬರೊಬ್ಬರ ಅಕೌಂಟ್ ಮೇಲೆ ರೈಟ್ ಕ್ಲಿಕ್, ಕಾಪಿ, ಹೊಸ ಹೆಸರು, ಹೊಸ ಪಾಸ್‌ವರ್ಡ್, ಮುಗೀತು. ಎರಡು ನಿಮಿಷದ ಕೆಲಸ. ಹೀಗೆ ಮಾಡಿದ ಒಂದು ಅಕೌಂಟಿನಲ್ಲಿ ಹೊಸ ಹುಡುಗಿಯೊಬ್ಬಳು ಮೊದಲ ದಿನ ಲಾಗಿನ್ ಆಗಿ, ಅರ್ಧ ಗಂಟೆ ಬಿಟ್ಟು ನನ್ನ ಟೇಬಲ್ ಹತ್ತಿರ ಬಂದಳು. ಮೆಲ್ಲಗೆ ಕೇಳಿದಳು: "ಸರ್, ಪಗಾರದ ಫೋಲ್ಡರ್ ಓಪನ್ ಆಗ್ತಿದೆ. ಅದು ನನಗೆ ಕಾಣಬೇಕಾ?"

ಕಾಣಬಾರದು. ನಾನು ಕಾಪಿ ಮಾಡಿದ್ದ ಹಳಬರು ಎರಡು ವರ್ಷದ ಹಿಂದೆ ಆಡಿಟ್ ಸಮಯದಲ್ಲಿ ಅಕೌಂಟ್ಸ್‌ಗೆ ಸಹಾಯಕ್ಕೆ ಹೋಗಿದ್ದರು. ಆಗ ಅವರನ್ನು ಪಗಾರದ ಗುಂಪಿಗೆ, ಅಂದರೆ ಆ ಫೋಲ್ಡರ್ ತೆಗೆಯೋ ಅನುಮತಿ ಇರೋ ಅಕೌಂಟುಗಳ ಪಟ್ಟಿಗೆ, ಸೇರಿಸಿದ್ದೆವು. ಅವರು ವಾಪಸ್ ಸ್ಟೋರ್ಸ್‌ಗೆ ಬಂದರು, ಗುಂಪಿನಿಂದ ತೆಗೆಯೋದು ಮರೆತುಹೋಯ್ತು. ಕಾಪಿ ಮಾಡಿದಾಗ ಅವರ ಎಲ್ಲ ಗುಂಪುಗಳೂ ಹೊಸಬಳಿಗೆ ಬಂದವು. ಅವಳು ಪ್ರಾಮಾಣಿಕವಾಗಿ ಬಂದು ಹೇಳಿದಳು. ಅವಳು ಹೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ.

ಒಬ್ಬ ಮನುಷ್ಯನ ಅಕೌಂಟಿಗೆ ಅವನ ಇತಿಹಾಸವೆಲ್ಲ ಅಂಟಿಕೊಂಡಿರುತ್ತೆ. ಎಲ್ಲೆಲ್ಲಿ ಕೆಲಸ ಮಾಡಿದ, ಯಾರ ರಜೆಗೆ ಯಾರ ಜಾಗದಲ್ಲಿ ಕೂತ, ಯಾವ ಸಾಹೇಬರು ಫೋನಿನಲ್ಲಿ "ಇವನಿಗೂ ಕೊಡ್ರಿ" ಅಂದರು, ಎಲ್ಲ. ಅದಕ್ಕೇ ಅವತ್ತೇ ಕೂತು ವಿಭಾಗಕ್ಕೊಂದು ಟೆಂಪ್ಲೇಟ್ ಅಕೌಂಟ್ ಮಾಡಿದೆ, ಅಂದರೆ ಯಾರದ್ದೂ ಅಲ್ಲದ, ಹೊಸಬರಿಗೆ ಕಾಪಿ ಮಾಡೋಕಷ್ಟೇ ಇರೋ ಮಾದರಿ ಅಕೌಂಟ್. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿದರೆ ಪಟ್ಟಿಯ ಮೇಲ್ಭಾಗದಲ್ಲೇ ಸಾಲಾಗಿ ಕೂರುತ್ತವೆ. ಈ ಟೆಂಪ್ಲೇಟಿನಿಂದ ಯಾರೂ ಲಾಗಿನ್ ಆಗಬಾರದು, ಹಾಗಾಗಿ ಅದನ್ನು ಡಿಸೇಬಲ್ ಮಾಡಿಯೇ ಇಡಬೇಕು.

ಕಾಪಿ ಮಾಡಿದಾಗ ಏನು ಬರುತ್ತೆ, ಏನು ಬರಲ್ಲ ಅನ್ನೋದು ಸರಿಯಾಗಿ ಗೊತ್ತಿರಬೇಕು. ಗುಂಪುಗಳು ಬರುತ್ತವೆ. ಡಿಪಾರ್ಟ್‌ಮೆಂಟ್, ಕಂಪನಿ ಹೆಸರು ಬರುತ್ತೆ, ಆದರೆ ಹುದ್ದೆ ಬರಲ್ಲ, ಫೋನ್ ನಂಬರ್ ಬರಲ್ಲ, ಡಿಸ್ಕ್ರಿಪ್ಶನ್ ಬರಲ್ಲ. ಲಾಗಿನ್ ಆದಾಗ ತಾನಾಗಿ ಓಡೋ ಲಾಗಿನ್ ಸ್ಕ್ರಿಪ್ಟ್ ಬರುತ್ತೆ. ಹೋಮ್ ಫೋಲ್ಡರ್ (ಅವರವರ ಸ್ವಂತ ಫೋಲ್ಡರ್) ದಾರಿಯಲ್ಲಿ ಹೆಸರಿನ ಜಾಗಕ್ಕೆ ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಯೂಸರ್‌ನೇಮ್ (%username%) ಅಂತ ಬರೆದಿಟ್ಟರೆ, ಹೊಸಬರ ಹೆಸರಿನಲ್ಲೇ ಫೋಲ್ಡರ್ ತಯಾರಾಗುತ್ತೆ, ಅದು ನನಗೆ ತುಂಬಾ ಇಷ್ಟವಾದ ವಿಷಯ. ಲಾಗಿನ್ ಸಮಯವೂ ಬರುತ್ತೆ. ಅದೊಂದು ಚೌಕಗಳ ಪಟ್ಟಿ, ಅಡ್ಡಕ್ಕೆ 24 ಗಂಟೆ, ಉದ್ದಕ್ಕೆ 7 ದಿನ, ನೀಲಿ ಇದ್ದರೆ ಬಿಡುತ್ತೆ, ಬಿಳಿ ಇದ್ದರೆ ಬಿಡಲ್ಲ. ನಮ್ಮಲ್ಲಿ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್‌ಗಳಿಗೆ ಬೇರೆ ಟೆಂಪ್ಲೇಟ್ ಇರೋದು ಇದೊಂದೇ ಕಾರಣಕ್ಕೆ.

ಡಿಸೇಬಲ್ ಅನ್ನೋ ಟಿಕ್ ಕೂಡ ಜೊತೆಗೇ ಬರುತ್ತೆ! ಪಾಸ್‌ವರ್ಡ್ ಕೇಳೋ ಪುಟದಲ್ಲಿ ನಾಲ್ಕು ಚೌಕ ಇರುತ್ತವೆ. ಕೊನೆಯದೇ ಈ ಡಿಸೇಬಲ್, ಅದರ ಟಿಕ್ ತೆಗೆಯಬೇಕು, ಮೊದಲನೆಯದಕ್ಕೆ, ಅಂದರೆ ಮೊದಲ ಸಲ ಲಾಗಿನ್ ಆದಾಗ ಪಾಸ್‌ವರ್ಡ್ ಬದಲಾಯಿಸಲೇಬೇಕು ಅನ್ನೋದಕ್ಕೆ, ಟಿಕ್ ಹಾಕಬೇಕು.

ಇನ್ನು ಹೆಚ್ಚು ಜನ ಎಡವೋ ಜಾಗಕ್ಕೆ ಬರ್ತೀನಿ. ಟೆಂಪ್ಲೇಟ್ ಅಕೌಂಟಿನ ಹೆಸರಿಗೇ ನೇರವಾಗಿ ಯಾವುದಾದರೂ ಫೋಲ್ಡರ್ ಮೇಲೆ ಪರ್ಮಿಶನ್ ಕೊಟ್ಟಿದ್ದರೆ, ಅದು ಕಾಪಿಗೆ ಬರಲ್ಲ. ಯಾಕಂದ್ರೆ ವಿಂಡೋಸ್ ಜನರನ್ನು ಗುರುತಿಸೋದು ಹೆಸರಿನಿಂದ ಅಲ್ಲ, ಎಸ್‌ಐಡಿ ಅನ್ನೋ ಒಂದು ಉದ್ದನೆಯ ನಂಬರಿನಿಂದ, ಮತ್ತು ಪ್ರತಿ ಹೊಸ ಅಕೌಂಟಿಗೂ ಹೊಸ ನಂಬರ್. ಕೆಲಸ ಬಿಟ್ಟು ಹೋದವರ ಅಕೌಂಟನ್ನು ತಕ್ಷಣ ಡಿಲೀಟ್ ಮಾಡಬೇಡಿ ಅಂತ ನಾನು ಹೇಳೋದೂ ಇದಕ್ಕೇ. ಅದೇ ಹೆಸರಲ್ಲಿ ಮತ್ತೆ ಮಾಡಿದರೂ ಸರ್ವರ್ ಲೆಕ್ಕದಲ್ಲಿ ಅವರು ಹೊಸ ಮನುಷ್ಯ. ಡಿಸೇಬಲ್ ಮಾಡಿ ಇಟ್ಟರೆ, ಅವರು ಆರು ತಿಂಗಳಿಗೆ ವಾಪಸ್ ಬಂದರೂ ಎಲ್ಲ ಹಾಗೇ ಇರುತ್ತೆ.

ಹಾಗಾಗಿ ಪರ್ಮಿಶನ್ ಯಾವಾಗಲೂ ಗುಂಪಿಗೆ ಕೊಡಬೇಕು. ನಾನು ಎರಡು ಥರದ ಗುಂಪು ಇಟ್ಟಿದ್ದೀನಿ. ಒಂದು ಕೆಲಸದ ಗುಂಪು: ಸ್ಟೋರ್ಸ್ ಸಿಬ್ಬಂದಿ, ಡಿಸ್ಪ್ಯಾಚ್ ಸಿಬ್ಬಂದಿ. ಇನ್ನೊಂದು ಫೋಲ್ಡರಿನ ಗುಂಪು: ಸ್ಟಾಕ್ ಓದುವವರು, ಸ್ಟಾಕ್ ಬರೆಯುವವರು. ಜನ ಕೆಲಸದ ಗುಂಪಿನಲ್ಲಿ, ಕೆಲಸದ ಗುಂಪು ಫೋಲ್ಡರಿನ ಗುಂಪಿನಲ್ಲಿ, ಫೋಲ್ಡರ್ ಮೇಲೆ ಇರೋದು ಫೋಲ್ಡರಿನ ಗುಂಪಿನ ಹೆಸರು ಮಾತ್ರ. ಟೆಂಪ್ಲೇಟ್ ಸೇರಿರೋದು ಒಂದೇ ಒಂದು ಕೆಲಸದ ಗುಂಪಿಗೆ.

ಇಷ್ಟೆಲ್ಲ ಯಾಕೆ ಅಂತ ನಮ್ಮ ಮ್ಯಾನೇಜರ್ ಕೇಳಿದರು. ಅವರು ಮೋಲ್ಡಿಂಗ್‌ನಲ್ಲಿ ಬೆಳೆದವರು, ಅವರ ಭಾಷೆಯಲ್ಲೇ ಹೇಳಿದೆ. ಟೆಂಪ್ಲೇಟ್ ಅಂದರೆ ಪ್ಯಾಟರ್ನ್ ಇದ್ದ ಹಾಗೆ ಸರ್. ಮರಳಿನಲ್ಲಿ ಪ್ಯಾಟರ್ನ್ ಒತ್ತಿ, ಕಬ್ಬಿಣ ಹೊಯ್ದ ಮೇಲೆ, ನಾಳೆ ನೀವು ಪ್ಯಾಟರ್ನ್ ತಿದ್ದಿದರೆ ಹೊಯ್ದಿಟ್ಟ ಕಾಸ್ಟಿಂಗ್ ಬದಲಾಗುತ್ತಾ? ಆಗಲ್ಲ. ಟೆಂಪ್ಲೇಟಿಗೆ ಇವತ್ತು ಒಂದು ಗುಂಪು ಸೇರಿಸಿದರೆ ಅದು ಇನ್ನು ಮುಂದೆ ಬರುವವರಿಗೆ ಮಾತ್ರ, ಮೊದಲೇ ಮಾಡಿದ ಹತ್ತು ಅಕೌಂಟಿಗೆ ಗೊತ್ತೇ ಇರಲ್ಲ. ಆದರೆ ಗುಂಪಿಗೆ ಒಂದು ಫೋಲ್ಡರ್ ಕೊಟ್ಟರೆ ಆ ಹತ್ತೂ ಜನಕ್ಕೆ ಸಿಗುತ್ತೆ, ಕಿತ್ತುಕೊಂಡರೆ ಹತ್ತೂ ಜನರಿಂದ ಹೋಗುತ್ತೆ. ಅವರು ತಲೆಯಾಡಿಸಿ, "ಹಂಗಾದ್ರೆ ಬದಲಾಗೋದೆಲ್ಲ ಗುಂಪಿನ್ಯಾಗ ಇಡ್ರಿ" ಅಂದರು. ನಾನು ಪುಟಗಟ್ಟಲೆ ಬರೆದರೂ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.

ನಮ್ಮ ಒಂದು ಲಿನಕ್ಸ್ ಮಷಿನ್‌ನಲ್ಲೂ ಇದೇ ಕಥೆ, ಇಟಿಸಿ ಒಳಗಿನ ಸ್ಕೆಲ್ (/etc/skel) ಫೋಲ್ಡರಿನಲ್ಲಿ ಇಟ್ಟ ಮಾದರಿ ಫೈಲುಗಳು ಅಕೌಂಟ್ ಹುಟ್ಟುವಾಗ ಒಂದು ಸಲ ಕಾಪಿ ಆಗುತ್ತವೆ, ಆಮೇಲೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಗುಂಪಿಗೆ ಸೇರಿಸಿದ ಕೂಡಲೇ ಫೋನ್ ಬರುತ್ತೆ, "ಇನ್ನೂ ಓಪನ್ ಆಗ್ತಿಲ್ಲ ಸರ್" ಅಂತ. ಸ್ಕ್ರೀನ್ ಲಾಕ್ ಮಾಡಿ ತೆಗೆದರೆ ಸಾಲದು, ಪೂರ್ತಿ ಲಾಗ್‌ಆಫ್ ಆಗಿ ಮತ್ತೆ ಬರಬೇಕು, ಯಾಕಂದ್ರೆ ಯಾರು ಯಾವ ಗುಂಪಿನಲ್ಲಿದ್ದಾರೆ ಅನ್ನೋ ಚೀಟಿ ಲಾಗಿನ್ ಆಗುವಾಗಲೇ ತಯಾರಾಗುತ್ತೆ. ಅನುಮಾನ ಇದ್ದರೆ ಅವರ ಮಷಿನ್‌ನಲ್ಲೇ ಕಮಾಂಡ್ ಪ್ರಾಂಪ್ಟ್ ತೆಗೆದು 'ಹೂಆಮ್‌ಐ ಸ್ಲ್ಯಾಶ್ ಗ್ರೂಪ್ಸ್' (whoami /groups) ಕೊಡಿ, ಪಟ್ಟಿ ಕಣ್ಣ ಮುಂದೆ ಬರುತ್ತೆ.

ಹೆಸರಿನ ವಿಷಯಕ್ಕೂ ಒಂದು ನಿಯಮ ಮೊದಲೇ ಮಾಡಿಕೊಳ್ಳಿ. ನಮ್ಮ ಆಫೀಸಿನಲ್ಲಿ ಮೂವರು ಪಾಟೀಲರಿದ್ದಾರೆ, ಇಬ್ಬರ ಇನಿಷಿಯಲ್ಲೂ ಒಂದೇ. ಹಳೆ ಥರದ ಲಾಗಿನ್ ಹೆಸರಿಗೆ 20 ಅಕ್ಷರ ಮಾತ್ರ ಸಿಗುತ್ತೆ, ನಮ್ಮ ಕಡೆಯ ಪೂರ್ತಿ ಹೆಸರುಗಳು ಎಷ್ಟೋ ಸಲ ಅದರಲ್ಲಿ ಹಿಡಿಸಲ್ಲ. ನಾವು ಈಗ ಕೊನೆಯಲ್ಲಿ ಟಿಕೆಟ್ ನಂಬರ್, ಅಂದರೆ ಫ್ಯಾಕ್ಟರಿಯಲ್ಲಿ ಅವರವರ ಸಿಬ್ಬಂದಿ ನಂಬರ್, ಸೇರಿಸ್ತೀವಿ.

ಮುಂದಿನ ವಾರ ಐಟಿಐ ಮುಗಿಸಿದ ಆರು ಅಪ್ರೆಂಟಿಸ್ ಹುಡುಗರು ಬರ್ತಿದ್ದಾರೆ. ಕಮಾಂಡ್ ಬರೆದು ಕೆಲಸ ಮಾಡಿಸೋ ಪವರ್‌ಶೆಲ್‌ನಲ್ಲಿ ಒಟ್ಟಿಗೆ ಮಾಡಬಹುದು, ಆದರೆ ಅಲ್ಲಿ ಟೆಂಪ್ಲೇಟ್ ಕೊಟ್ಟು ಹೊಸ ಯೂಸರ್ ಮಾಡಿದರೆ ಗುಂಪುಗಳು ತಾವಾಗಿ ಬರಲ್ಲ, ಅದಕ್ಕೆ ಬೇರೆ ಸಾಲು ಬರೀಬೇಕು. ಆರೇ ಜನ ಅಲ್ವಾ, ಕೈಯಿಂದಲೇ ಮಾಡ್ತೀನಿ. ಅವರ ಅಕೌಂಟ್ ಒಂದು ವರ್ಷಕ್ಕೆ ತಾನಾಗಿ ಮುಗಿಯೋ ಹಾಗೆ ಅಪ್ರೆಂಟಿಸ್ ಟೆಂಪ್ಲೇಟಿನಲ್ಲಿ ತಾರೀಖು ಹಾಕಿಟ್ಟಿದ್ದೀನಿ, ಆ ತಾರೀಖೂ ಕಾಪಿ ಆಗುತ್ತೆ. ಈಗ ಅಲ್ಲಿ ಇರೋದು ಹೋದ ವರ್ಷದ ಬ್ಯಾಚಿನದು. ಶನಿವಾರ ಮನೆಗೆ ಹೊರಡೋ ಮುಂಚೆ ಮೊದಲು ಅದನ್ನ ಬದಲಾಯಿಸಬೇಕು.