ಹಾಸಿಗೆ ಹೆಚ್ಚಿಸುವ ಮುಂಚೆ ಶೌಚಾಲಯ ಎಣಿಸಿ

ಚಳಿಯೋ ಮಳೆಯೋ ಜೋರಾದರೆ ಮನೆಯಿಲ್ಲದವರಿಗಾಗಿ ಇರುವ ಸಣ್ಣ ಊರಿನ ರಾತ್ರಿ ತಂಗುದಾಣಕ್ಕೆ ಹತ್ತು ಜನ ಬರುವಲ್ಲಿ ಇಪ್ಪತ್ತೈದು ಜನ ಬರುತ್ತಾರೆ. ಆಗ ಎಲ್ಲರಿಗೂ ಮೊದಲು ಹೊಳೆಯುವುದು ಹಾಸಿಗೆ. ಹಾಸಿಗೆ, ಕಂಬಳಿ ದಾನವಾಗಿ ಬೇಗ ಬರುತ್ತವೆ, ಫೋಟೊದಲ್ಲೂ ಚೆನ್ನಾಗಿ ಕಾಣುತ್ತವೆ. ಕೈಕೊಡುವುದು ಮಾತ್ರ ಶೌಚಾಲಯ, ರಾತ್ರಿ ಪಾಳಿಯ ಜನ ಮತ್ತು ಒಗೆತ.

ಜಾಗದ ಲೆಕ್ಕ ಮೊದಲು ಮಾಡಿಬಿಡಿ. ವಿಪತ್ತು ಪರಿಹಾರದಲ್ಲಿ ಬಳಸುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕು, 20 ಜನಕ್ಕೆ ಒಂದು ಶೌಚಾಲಯ ಬೇಕು. 12 ಮೀಟರ್ ಉದ್ದ, 10 ಮೀಟರ್ ಅಗಲದ ಸಭಾಂಗಣ ಎಂದರೆ 120 ಚದರ ಮೀಟರ್. ಭಾಗಿಸಿದರೆ 34 ಜನ. ಆದರೆ ನಡುವೆ 1.2 ಮೀಟರ್ ಅಗಲದ ಓಡಾಟದ ದಾರಿ ಬಿಡಬೇಕು, ಬಾಗಿಲ ಬಳಿ ನೋಂದಣಿಯ ಮೇಜು ಇಡಬೇಕು, ಸಾಮಾನಿಗೆ ಒಂದು ಮೂಲೆ ಬೇಕು. ಇದೆಲ್ಲ ಕಳೆದರೆ ಉಳಿಯುವುದು 85 ಚದರ ಮೀಟರ್, ಅಂದರೆ 24 ಜನ. ಅದೇ ಸಭಾಂಗಣವನ್ನು ನೋಡಿ ‘ಅರವತ್ತು ಜನ ಮಲಗಬಹುದು’ ಎನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಎರಡೇ ಶೌಚಾಲಯ ಇದ್ದು, ಒಂದನ್ನು ಹೆಂಗಸರಿಗೆ ಬಿಟ್ಟು, ಇನ್ನೊಂದು ರಾತ್ರಿ ಎರಡು ಗಂಟೆಗೆ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಅವರನ್ನೇ ಕೇಳಿ. ಹೊರಗೆ ತಾತ್ಕಾಲಿಕ ಶೌಚಾಲಯ ಇಡುವುದಾದರೆ ಅಲ್ಲಿಯವರೆಗೂ ದೀಪ ಇರಲಿ, ಗಾಲಿಕುರ್ಚಿ ಹೋಗುವಷ್ಟು ಸಮತಟ್ಟಾದ ದಾರಿ ಇರಲಿ.

ಜಾಗ ಉಳಿಸಲು ಅಂತಸ್ತಿನ ಮಂಚ ತರುವ ಯೋಚನೆ ಬೇಡ. ವಯಸ್ಸಾದವರು, ಮೂರ್ಛೆರೋಗ ಇರುವವರು, ಕುಡಿದು ಬಂದವರು ಯಾರೂ ಮೇಲೆ ಹತ್ತಲಾಗದು. ಕೊನೆಗೆ ಮೇಲಿನ ಹಾಸಿಗೆಗಳು ಖಾಲಿ, ಕೆಳಗಿನವಕ್ಕೆ ಜಗಳ. ಬರೀ ನೆಲದ ಮೇಲೆ ಚಾಪೆ ಹಾಸಿದರೂ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಮಂಡಿನೋವಿನವರು ಎದ್ದೇಳಲಾರರು. ಮೊಣಕಾಲೆತ್ತರದ ಮಡಚುವ ಲೋಹದ ಮಂಚ, ಅದರ ಮೇಲೆ ಒರೆಸಲು ಬರುವ ರೆಕ್ಸಿನ್ ಹೊದಿಕೆಯ ತೆಳು ಹಾಸಿಗೆ ಸರಿಹೋಗುತ್ತದೆ. ಮಂಚಗಳ ನಡುವೆ ಮೂರು ಅಡಿ ಬಿಡಿ. ಒಬ್ಬರ ತಲೆಯ ಪಕ್ಕಕ್ಕೆ ಇನ್ನೊಬ್ಬರ ಕಾಲು ಬರುವಂತೆ ಮಲಗಿಸಿದರೆ ಕೆಮ್ಮಿದ ಗಾಳಿ ನೇರವಾಗಿ ಪಕ್ಕದವರ ಮುಖಕ್ಕೆ ಬರುವುದಿಲ್ಲ. ಕ್ಷಯ ಗಾಳಿಯಲ್ಲಿ ಹರಡುವ ರೋಗ, ಹಾಗಾಗಿ ಎದುರುಬದುರಿನ ಕಿಟಕಿಗಳು ಚಳಿಯಲ್ಲೂ ಗೇಣಗಲ ತೆರೆದಿರಲಿ. ಎರಡು ವಾರ ದಾಟಿದ ಕೆಮ್ಮು ಇದ್ದವರನ್ನು ತಪಾಸಣೆಗೆ ಕಳಿಸಿ. ಅದಕ್ಕಾಗಿ ಬಾಗಿಲಿನಿಂದ ಹಿಂದೆ ಕಳಿಸಬೇಡಿ.

ಬಿಸಿ ಮಾಡಲು ಇದ್ದಿಲ ಕೆಂಡದ ಒಲೆಯನ್ನು ಒಳಗೆ ತರಲೇಬಾರದು. ಕೆಂಡದಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬಂದವರು ನಿದ್ದೆಗೆ ಜಾರಿದರೆ ಮತ್ತೆ ಏಳದೇ ಹೋಗಬಹುದು. ಇಂಧನ ಉರಿಯುವ ಉಪಕರಣ ಕಟ್ಟಡದಲ್ಲಿ ಯಾವುದೇ ಇರಲಿ, ಆ ಅನಿಲದ ಅಲಾರಂ ಬೇಕೇಬೇಕು. ಹೊಗೆ ಪತ್ತೆಯ ಅಲಾರಂ ಬೇರೆ, ಇದು ಬೇರೆ. ವಿದ್ಯುತ್ ಹೀಟರ್ ಆದರೆ 1,500 ವ್ಯಾಟ್‌ನ ಎರಡನ್ನು ಒಂದೇ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸುವುದು ಸಾಮಾನ್ಯ ತಪ್ಪು: 230 ವೋಲ್ಟ್‌ನಲ್ಲಿ ಅದು 13 ಆ್ಯಂಪಿಯರ್ ಎಳೆಯುತ್ತದೆ, 6 ಆ್ಯಂಪಿಯರ್‌ನ ತಂತಿ ಕಂಬಳಿಯ ಕೆಳಗೇ ಕಾದು ಬಿಸಿಯಾಗುತ್ತದೆ. ಎದುರುಬದುರು ತುದಿಗಳಲ್ಲಿ ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯುವಂಥವು, ಒಳಗಿನಿಂದ ಕೀಲಿಕೈ ಇಲ್ಲದೆ ತೆಗೆಯುವಂಥವು. ಕಳ್ಳತನದ ಭಯಕ್ಕೆ ರಾತ್ರಿ ಬೀಗ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ.

ಇನ್ನು ಜನ. ಎಷ್ಟೇ ಸಣ್ಣ ತಂಗುದಾಣವಾದರೂ ರಾತ್ರಿಯಿಡೀ ಇಬ್ಬರು ಎಚ್ಚರವಾಗಿರಬೇಕು, ಒಬ್ಬರು ಆಂಬ್ಯುಲೆನ್ಸ್‌ಗೆ ಕಾಯುವಾಗ ಇನ್ನೊಬ್ಬರು ಸಭಾಂಗಣ ನೋಡಿಕೊಳ್ಳಲು. ರಾತ್ರಿಗೆ ಎರಡು ಪಾಳಿ, ಪಾಳಿಗೆ ಇಬ್ಬರು, ವಾರಕ್ಕೆ 28 ಸರದಿ. ಸ್ವಯಂಸೇವಕರು ವಾರಕ್ಕೊಮ್ಮೆ ಬರುತ್ತಾರೆ ಎಂದುಕೊಂಡರೆ 28 ಜನ. ಜ್ವರ, ಮದುವೆ, ಮರೆವು ಎಲ್ಲ ಸೇರಿಸಿ ಹತ್ತು ಜನ ಹೆಚ್ಚಿಗೆ. ಸಣ್ಣ ಊರಲ್ಲಿ ಮೊದಲ ವಾರ ಇಷ್ಟು ಜನ ಸಿಗುತ್ತಾರೆ, ನಾಲ್ಕನೆಯ ವಾರ ಅರ್ಧ ಉಳಿಯುತ್ತಾರೆ. ಆದ್ದರಿಂದ ಬಂದ ಹಣವನ್ನು ಕಂಬಳಿಗಲ್ಲ, ನಡುರಾತ್ರಿಯಿಂದ ಬೆಳಗಿನವರೆಗೆ ಸಂಬಳಕ್ಕೆ ಇರುವ ಇಬ್ಬರಿಗೆ ಮೊದಲು ಎತ್ತಿಡಿ. ಸ್ವಯಂಸೇವಕರು ಸಂಜೆಯ ನೋಂದಣಿಗೂ ಬೆಳಗಿನ ಶುಚಿಗೂ ಸಾಕು.

ಆ ಇಬ್ಬರಿಗೆ ತಿಳಿದಿರಲೇಬೇಕಾದ ಎರಡು ಸಂಗತಿಗಳಿವೆ. ಚಳಿಯಿಂದ ಬಂದವರ ನಡುಕ ನಿಂತು ಮಾತು ತೊದಲತೊಡಗಿದರೆ ಅದು ಸುಧಾರಣೆಯಲ್ಲ, ಆಂಬ್ಯುಲೆನ್ಸ್ ಕರೆಯುವ ಹೊತ್ತು. ಒದ್ದೆ ಬಟ್ಟೆ ಬಿಚ್ಚಿ ಒಣ ಹೊದಿಕೆ ಸುತ್ತಿರಿ. ಕೈಕಾಲು ಉಜ್ಜಬೇಡಿ. ಕುಡಿದು ಮಲಗಿದವರನ್ನು ಅಂಗಾತ ಬಿಡದೆ ಒಂದು ಮಗ್ಗುಲಿಗೆ ತಿರುಗಿಸಿ, ಉಸಿರು ನೋಡುತ್ತಿರಿ. ಗೊರಗೊರ ಎನ್ನುವ ಗೊರಕೆಯೊಂದಿಗೆ ಕರೆದರೂ ಏಳದಿದ್ದರೆ ‘ಗಾಢ ನಿದ್ದೆ’ ಎಂದು ಸುಮ್ಮನಾಗಬೇಡಿ.

ಒಗೆತದ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಒಂದು ಯಂತ್ರಕ್ಕೆ ಮೂರು ಕಂಬಳಿ, ಒಂದು ಸುತ್ತಿಗೆ ಒಂದೂವರೆ ಗಂಟೆ ಎಂದರೆ 24 ಕಂಬಳಿಗೆ ಹನ್ನೆರಡು ಗಂಟೆ. ದಿನಾ ಒಗೆಯುವುದು ಆಗದ ಮಾತು. ಒಬ್ಬರಿಗೆ ಒಂದು ಜೊತೆ ಹೊದಿಕೆ ಕೊಟ್ಟು, ಮಂಚದ ಸಂಖ್ಯೆ ಬರೆದ ಚೀಲದಲ್ಲಿ ವಾರವಿಡೀ ಅವರದೇ ಇಡಿ. ಮಂಚಕ್ಕೆ ಬೇರೆಯವರು ಬಂದಾಗ ಮಾತ್ರ ಎಲ್ಲವನ್ನೂ ಬದಲಿಸಿ. ತಿಗಣೆಗೆ ಬೇಕಾದದ್ದು ಬಿಸಿ: 60 ಡಿಗ್ರಿಯ ನೀರಲ್ಲಿ ಒಗೆತ, ಇಲ್ಲವೇ ಡ್ರೈಯರ್‌ನ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ. ನುಸಿಗುಳಿಗೆಯಿಂದ ಏನೂ ಆಗದು. ಸಿಕ್ಕಸಿಕ್ಕ ಕೀಟನಾಶಕ ಹೊಡೆದರೆ ತಿಗಣೆ ಗೋಡೆಯ ಬಿರುಕಿಗೆ ಚದುರುತ್ತವೆ, ರಕ್ತವಿಲ್ಲದೆ ತಿಂಗಳುಗಟ್ಟಲೆ ಅಲ್ಲೇ ಕಾಯುತ್ತವೆ. ಸಾಮಾನು ಇಡಲು ಮರದ ಕಪಾಟಿಗಿಂತ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು.

ಸಾಮಾನಿನ ಮಾತು ಬಂತು ಎಂದು ಹೇಳುತ್ತೇನೆ. ಹಾಸಿಗೆ ಖಾಲಿ ಇದ್ದೂ ಜನ ಹೊರಗೆ ಮಲಗುವುದಕ್ಕೆ ಕಾರಣಗಳಿವೆ: ಗಂಟುಮೂಟೆ ಒಳಗೆ ಬಿಡುವುದಿಲ್ಲ, ನಾಯಿಯನ್ನು ಬಿಡುವುದಿಲ್ಲ, ಗಂಡಹೆಂಡತಿಯನ್ನು ಬೇರೆ ಮಾಡುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ. ಚೀಟಿ ಬೇಡ, ಅವರು ಹೇಳಿದ ಹೆಸರು ಸಾಕು. ಕುಡಿದಿದ್ದಾರೆಯೇ ಎನ್ನುವುದಕ್ಕಿಂತ ಹೇಗೆ ನಡೆದುಕೊಳ್ಳುತ್ತಿದ್ದಾರೆ ಎಂದು ನೋಡಿ. ಹೆಂಗಸರಿಗೆ ಮೂಲೆಯಲ್ಲಿ ಪರದೆ ಕಟ್ಟಿ ಕೈತೊಳೆದುಕೊಳ್ಳಬೇಡಿ. ಬೇರೆ ಕೋಣೆ, ಗಂಡಸರ ಸಾಲು ದಾಟದೆ ಶೌಚಾಲಯಕ್ಕೆ ಹೋಗುವ ದಾರಿ ಬೇಕು. ಉಬ್ಬಸದವರ ಇನ್‌ಹೇಲರ್ ಅವರ ಕೈಯಲ್ಲೇ ಇರಲಿ. ಇನ್ಸುಲಿನ್ ಫ್ರಿಡ್ಜ್‌ನಲ್ಲಿ, ಫ್ರೀಜರ್‌ನಲ್ಲಿ ಅಲ್ಲ, ಹೆಪ್ಪುಗಟ್ಟಿದರೆ ಕೆಡುತ್ತದೆ.

ಹೆಚ್ಚುವರಿ ಸಭಾಂಗಣವನ್ನು ಯಾವಾಗ ತೆರೆಯುವುದು ಎಂಬುದು ಮುಂಚೆಯೇ ಕಾಗದದ ಮೇಲಿರಲಿ: ಎಷ್ಟು ಡಿಗ್ರಿಗೆ ಇಳಿದರೆ, ಎಂಥ ಮಳೆಯ ಮುನ್ಸೂಚನೆ ಇದ್ದರೆ, ಯಾರು ತೀರ್ಮಾನಿಸುತ್ತಾರೆ. ತೀರ್ಮಾನ ಮಧ್ಯಾಹ್ನ ಎರಡರೊಳಗೆ ಆಗಬೇಕು. ರಾತ್ರಿ ಒಂಬತ್ತಕ್ಕೆ ತೆರೆದರೆ ಪಾಳಿಗೆ ಜನ ಸಿಗುವುದಿಲ್ಲ, ಹೊರಗಿರುವವರು ಅಷ್ಟರಲ್ಲಿ ಎಲ್ಲೋ ಜಾಗ ಹಿಡಿದಿರುತ್ತಾರೆ, ಅದನ್ನು ಬಿಟ್ಟು ಬಂದರೆ ನಾಳೆ ಅದು ಇನ್ನೊಬ್ಬರದು. ಅದಕ್ಕೇ ಒಂದು ರಾತ್ರಿ ತೆರೆದು ಮರುದಿನ ಮುಚ್ಚಬೇಡಿ. ತೆರೆದರೆ ಕನಿಷ್ಠ ಮೂರು ರಾತ್ರಿ.

ರಿಜಿಸ್ಟರಿನಲ್ಲಿ ಮಲಗಿದವರ ಸಂಖ್ಯೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆಯಿರಿ: ಬಂದು ಹಿಂದೆ ಹೋದವರು ಎಷ್ಟು, ಯಾವ ಕಾರಣಕ್ಕೆ. ಮುಂದಿನ ವರ್ಷ ಹಣ ಕೇಳಲು ಸ್ಥಳೀಯ ಆಡಳಿತದ ಮುಂದೆ ಕೂತಾಗ ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಇರುವುದು ಆ ಕಾಲಂನಲ್ಲಿ, ಮತ್ತು ಅದನ್ನು ಆಮೇಲೆ ನೆನಪಿನಿಂದ ತುಂಬಲು ಬರುವುದಿಲ್ಲ.