ಹಾಲೊವೇ ಜೈಲಿನ ಸಹಿಗಳು: ಕಸೂತಿ ಕೆಲಸದ ಒಂಬತ್ತನೇ ವಾರ

ಈ ವಾರಕ್ಕೆ ಹದಿನಾಲ್ಕು ಸಹಿ ಆದವು. ಅದರಲ್ಲಿ ಮೂರನ್ನು ಬಿಚ್ಚಿ ಮತ್ತೆ ಹಾಕಿದೆ.

ಹೊಸದಾಗಿ ಓದುತ್ತಿರುವವರಿಗೆ ಹೇಳುತ್ತೇನೆ. 1912ರ ಮಾರ್ಚ್‌ನಲ್ಲಿ ಮತದಾನದ ಹಕ್ಕು ಕೇಳುತ್ತ ಲಂಡನ್ನಿನಲ್ಲಿ ಕಿಟಕಿ ಗಾಜು ಒಡೆದ ಹೆಂಗಸರನ್ನು ಹಾಲೊವೇ ಜೈಲಿಗೆ ಹಾಕಿದರು. ಅಲ್ಲಿ ಅವರು ಒಂದು ಕರವಸ್ತ್ರದ ಮೇಲೆ ದಾರದಲ್ಲೇ ಸಹಿ ಮಾಡಿದರು, 66 ಸಹಿ. ಆ ಬಟ್ಟೆ ಇನ್ನೂ ಉಳಿದಿದೆ. ಆ ಸಹಿಗಳನ್ನೇ ನಾನೀಗ ನನ್ನ ಬಟ್ಟೆಯ ಮೇಲೆ ಹೊಲಿಯುತ್ತಿದ್ದೇನೆ. ಅದರ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮತಪತ್ರ ಕೊಡದ ಸರ್ಕಾರದ ಜೈಲಿನಲ್ಲಿ ಕೂತು, ಒಬ್ಬೊಬ್ಬರೂ ತಮ್ಮ ಹೆಸರನ್ನು ಸೂಜಿಯಿಂದ ಬರೆದಿಟ್ಟಿದ್ದಾರೆ!

ನನ್ನ ತೊಡಕು ಹೊಲಿಗೆಯದು. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಎಳೆ ಎಣಿಸಿ ನೇರ, ಅಡ್ಡ, ಓರೆ ಹೋಗಬೇಕು. ಸಹಿಯೋ ಬಳ್ಳಿಯ ಹಾಗೆ ಬಳುಕುತ್ತದೆ. ಮೊದಲ ಮೂರು ಸಹಿ ಗವಂತಿಯಲ್ಲಿ ಗೋಪುರದ ಮೆಟ್ಟಿಲಿನಂತೆ ಕಂಡವು. ಧಾರವಾಡದ ಮಾವಶಿ ಬಟ್ಟೆ ತಿರುವಿ ನೋಡಿ, “ಹಿಂದ ಗಂಟಿಲ್ಲ, ಛಲೋ ಆತು. ಆದ್ರ ಅವರ ಅಕ್ಷರ ಅವರಂಗ ಇರಲಿ ಬಿಡವಾ, ನಿನ್ನಂಗ ಯಾಕ ಮಾಡ್ತಿ?” ಅಂದರು. ಅವತ್ತೇ ಬಿಚ್ಚಿದೆ. ಈಗ ಸಹಿಗೆ ಬಳುಕುವ ಗೆರೆಗೆ ಒಗ್ಗುವ ಕಾಂಡದ ಹೊಲಿಗೆ (ಸ್ಟೆಮ್ ಸ್ಟಿಚ್), ಅಂಚಿಗೆ ಮಾತ್ರ ಗವಂತಿ. ದಾರ ನೇರಳೆ ಮತ್ತು ಹಸಿರು, ಬಟ್ಟೆ ಬಿಳಿ. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಎಮಲೀನ್ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆ 1908ರಿಂದ ತೊಟ್ಟ ಮೂರು ಬಣ್ಣ.

ಇಷ್ಟರಲ್ಲಿ ತಿಳಿದ ಇನ್ನೊಂದು ಸಂಗತಿ: ಗ್ಲಾಸ್ಗೋದ ಕಲಾಶಾಲೆಯಲ್ಲಿ ಕಸೂತಿ ಕಲಿಸುತ್ತಿದ್ದ ಆನ್ ಮ್ಯಾಕ್‌ಬೆತ್, ಜೈಲಿನಲ್ಲಿ ಉಪವಾಸ ಹೂಡಿದ 80 ಹೆಂಗಸರ ಸಹಿಯುಳ್ಳ ಹೊದಿಕೆ ಮಾಡಿದ್ದರು. 1910ರ ಮೆರವಣಿಗೆಯಲ್ಲಿ ಅದೇ ಬಾವುಟವಾಯಿತು. ಕೌದಿಯ ನಾಡಿನವಳಾದ ನನಗೆ ಇದು ಬಹಳ ಹತ್ತಿರವೆನಿಸಿತು. ಹೊದಿಯುವ ಬಟ್ಟೆ ಬೀದಿಗೆ ಬಂದಿತ್ತು.

ಸೋಫಿಯಾ ದುಲೀಪ್ ಸಿಂಗ್ ಅವರನ್ನು ಎಲ್ಲಿ ಕೂರಿಸುವುದೆಂದು ಎರಡು ವಾರ ಯೋಚಿಸಿದೆ. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು, ರಾಣಿ ವಿಕ್ಟೋರಿಯಾ ಕೊಟ್ಟ ಮನೆಯಲ್ಲಿದ್ದವರು. ಆದರೂ 1910ರ ನವೆಂಬರ್ 18ರಂದು ಸಂಸತ್ತಿನ ಮುಂದೆ ಪೊಲೀಸರು ಹೆಂಗಸರ ಮೇಲೆ ಕೈಮಾಡಿದಾಗ ಅಲ್ಲಿದ್ದರು. ಮತವಿಲ್ಲದೆ ತೆರಿಗೆಯಿಲ್ಲ ಎಂದು ಹಟ ಹಿಡಿದರು. 1911ರಲ್ಲಿ ಅವರ ಏಳು ವಜ್ರದ ಉಂಗುರವನ್ನು ಜಪ್ತಿ ಮಾಡಿ ಹರಾಜು ಹಾಕಿದರು. ಜೊತೆಗಾತಿಯೊಬ್ಬರು ಅದನ್ನು ಕೊಂಡು ಅವರಿಗೇ ಮರಳಿಸಿದರು. ಇದನ್ನು ಓದಿ ಕಣ್ಣು ತುಂಬಿತು.

ಅವರು ಜೈಲು ಸೇರಲಿಲ್ಲ, ಹಾಗಾಗಿ ಸಹಿಗಳ ನಡುವೆ ಹೆಸರು ಹಾಕುವುದು ಸರಿಯಲ್ಲ. ಅಂಚಿನ ಬಲ ಮೂಲೆಯಲ್ಲಿ ನೇರಳೆ ಚೌಕ ತುಂಬಿ, ಅದರ ಮೇಲೆ ಬಿಳಿ ದಾರದಲ್ಲಿ ಏಳು ಚುಕ್ಕೆ ಇಡುತ್ತಿದ್ದೇನೆ. ನಾಲ್ಕು ಆಗಿವೆ.